ಉಸ್ತಾದರು ಕಲಿಸಿದ ದಮ್

ಮೈ ಬೆಳೆಸುವವರ ಜತೆ ಓಡಾಡಿದರೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ನಮ್ಮನ್ನು ಹುಡುಕಿಕೊಂಡು ಬರುತ್ತವೆ. ಅರವತ್ತರ ದಶಕದ ಕೊನೆಯಿಂದ ಹಲವು ವರ್ಷ ನಾನು ಹಾಗೆ ಓಡಾಡಿದವನು. ಹಲಸೂರಿನ ನಮ್ಮ ವಠಾರದಲ್ಲೇ ಇದ್ದ, ನಮ್ಮ ಕಾರ್ಖಾನೆಯಲ್ಲೇ ಲೇತ್ ಓಡಿಸುತ್ತಿದ್ದ ಗೆಳೆಯನೊಬ್ಬನಿಗೆ ದೇಹದಾರ್ಢ್ಯದ ಹುಚ್ಚು. ನಾವೆಲ್ಲ ಅವನನ್ನು ಪೈಲ್ವಾನ್ ಎನ್ನುತ್ತಿದ್ದೆವು. ಅವನು ಒಂದು ದಿನವೂ ಕುಸ್ತಿ ಆಡಿದವನಲ್ಲ, ಆದರೆ ಆ ಕಾಲದಲ್ಲಿ ಎದೆ ಅಗಲವಿದ್ದವರೆಲ್ಲ ಪೈಲ್ವಾನರೇ. ಸಂಜೆ ಫ್ಯಾಕ್ಟರಿ ಬಸ್ಸಿಳಿದು ಇಬ್ಬರೂ ಶಿವಾಜಿನಗರಕ್ಕೆ ಸೈಕಲ್ ತುಳಿಯುತ್ತಿದ್ದೆವು. ಅಲ್ಲಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ತಗಡಿನ ಷೆಡ್ಡೊಂದರಲ್ಲಿ ಉಸ್ತಾದರ ಗರಡಿ. ನಾನು ಹೋಗುತ್ತಿದ್ದದ್ದು ಅವನು ಎತ್ತುವ ಕಬ್ಬಿಣದ ಇನ್ನೊಂದು ತುದಿ ಹಿಡಿದುಕೊಳ್ಳುವುದಕ್ಕೆ. ನನ್ನ ಎದೆ ಆಗ ಹೇಗಿತ್ತೋ ಈಗಲೂ ಹಾಗೇ ಇದೆ, ಅದರ ಬಗ್ಗೆ ನನಗೇನೂ ಬೇಸರವಿಲ್ಲ.

ಪೈಲ್ವಾನನಿಗೆ ಇದ್ದದ್ದು ಒಂದೇ ಆಸೆ, ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಮೊದಲ ಬಹುಮಾನ. ಸಿಗುತ್ತಿದ್ದದ್ದು ಮಾತ್ರ ಪ್ರತಿ ಸಲವೂ ಎರಡನೆಯದು. ಕಾರ್ಖಾನೆಯಲ್ಲಿ ಅವನಿಗೆ 'ಸೆಕೆಂಡ್ ಶಿಫ್ಟ್' ಎಂದು ಅಡ್ಡಹೆಸರು ಬಿದ್ದಿತ್ತು. ಕೊನೆಗೆ ಅವನ ತಾಯಿಗೇ ಸಾಕಾಗಿಹೋಯಿತು. "ಇದೊಂದು ವರ್ಷ ನೋಡ್ತೀನಿ. ಈ ಸಲಾನೂ ಎರಡನೇದೇ ತಂದ್ರೆ ಗರಡಿ ಬಂದ್. ಸುಮ್ನೆ ಮದುವೆ ಮಾಡ್ಕೊಂಡು ಎಲ್ಲರ ಥರ ಹೊಟ್ಟೆ ಬೆಳೆಸ್ಕೋ" ಎಂದುಬಿಟ್ಟರು. ಆ ಒಂದು ವರ್ಷದಲ್ಲಿ ನಡೆದದ್ದು ಇಷ್ಟು.

ದಮ್

ಉಸ್ತಾದರ ಪಾಠವೆಲ್ಲ ಒಂದೇ ಮಾತಿನಲ್ಲಿತ್ತು. "ತೂಕ ಎತ್ತೋದು ಕೈ ಅಲ್ಲ ಬೇಟಾ, ದಮ್." ಎತ್ತುವ ಮುಂಚೆ ಎದೆ ತುಂಬ ಉಸಿರು ತುಂಬಿಕೊಳ್ಳಬೇಕು, ಕಬ್ಬಿಣ ಮೇಲೆ ಹೋದ ಮೇಲೆ ನಿಧಾನವಾಗಿ ಬಿಡಬೇಕು. ಅವರ ಮನೆಮಾತಿನಲ್ಲಿ ದಮ್ ಎಂದರೆ ಉಸಿರು. ನಮ್ಮ ವಠಾರದಲ್ಲಿ ದಮ್ ಎಂದರೆ ಬೀಡಿ.

ಇದು ಹೊಳೆಯದೆ ನಾನೊಂದು ದಿನ ಪೈಲ್ವಾನನ ಮನೆ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಹೇಳಿದೆ. "ನೀನು ಸರಿಯಾಗಿ ದಮ್ ಎಳೀತಿಲ್ಲ ಅಂತ ಉಸ್ತಾದ್ರಿಗೆ ಬೇಜಾರಾಗಿದೆ ಮಗಾ. ನಾಳೆಯಿಂದ ನಾಚ್ಕೊಳ್ದೆ ಎಳಿ."

ಒಳಗಿಂದ ತಾಯಿ ಸೌಟು ಹಿಡಿದೇ ಬಂದರು. ಮಗನ ಬಾಯಿ ತೆಗೆಸಿ ಮೂಸಿ ನೋಡಿದರು. ನೆನೆಸಿದ ಕಡಲೆಕಾಳಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ಅದರಿಂದಲೇ ಅವರ ಅನುಮಾನ ಹೆಚ್ಚಾಯಿತು. ಮರುದಿನ ನಮ್ಮ ಮಾತು ಒಂದೂ ಕೇಳದೆ ಬಸ್ ಹತ್ತಿ ಶಿವಾಜಿನಗರಕ್ಕೆ ಬಂದು ಗರಡಿಯ ಬಾಗಿಲಲ್ಲಿ ನಿಂತರು.

"ನನ್ನ ಮಗನಿಗೆ ದಮ್ ಕಲಿಸಿದೋರು ನೀವೇನಾ?"

ಉಸ್ತಾದರು ಎದ್ದು ನಿಂತು, ಎದೆ ಮೇಲೆ ಕೈಯಿಟ್ಟು ಹೇಳಿದರು. "ಹೌದಮ್ಮಾ, ನಾನೇ. ನನಗೆ ನಮ್ಮ ಅಬ್ಬಾ ಕಲಿಸಿದ್ರು."

"ನಿಮ್ಮ ತಂದೇನೇ?"

"ಮತ್ತೆ? ಸಣ್ಣ ವಯಸ್ಸಲ್ಲಿ ಕಲಿತ್ರೆ ಚೆನ್ನಾಗಿ ಬರುತ್ತೆ. ಬೆಳಿಗ್ಗೆ ಎದ್ದ ತಕ್ಷಣ ಎಳೀಬೇಕು. ನಿಮ್ಮ ಹುಡುಗ ಸಂಜೆ ಮಾತ್ರ ಎಳೀತಾನೆ. ಸೋಮಾರಿ. ನೀವು ಮನೇಲಿ ಸ್ವಲ್ಪ ಹೇಳ್ಬೇಕು."

ತಾಯಿ ಅಲ್ಲೇ ಇದ್ದ ಬೆಂಚಿನ ಮೇಲೆ ಕೂತುಬಿಟ್ಟರು. ಉಸ್ತಾದರಿಗೆ ಏನು ತಿಳಿಯಿತೋ, ಇವರಿಗೆ ತೋರಿಸಿಯೇ ಹೇಳಬೇಕೆಂದು ಎದೆ ತುಂಬ ಗಾಳಿ ತುಂಬಿಕೊಂಡರು. ಅಂಗಿಯ ಗುಂಡಿ ಕಿತ್ತು ಹಾರಿ ತಾಯಿಯ ಮಡಿಲಲ್ಲಿ ಬಿತ್ತು. ಆಗ ಅವರಿಗೆ ಅರ್ಥವಾಯಿತು. ಗುಂಡಿಯನ್ನು ವಾಪಸ್ಸು ಕೊಡುತ್ತಾ, "ಇದಕ್ಕೆ ಉಸಿರು ಅನ್ನೋಕೆ ನಿಮಗೇನ್ರೀ ಕಷ್ಟ?" ಎಂದು ಕೇಳಿದರು.

ಅಂದಿನಿಂದ ಬೆಳಿಗ್ಗೆ ವಠಾರವೆಲ್ಲ ಏಳುತ್ತಿದ್ದದ್ದು ಅವರ ದನಿ ಕೇಳಿಯೇ. "ಎದ್ಯೇನೋ? ದಮ್ ಎಳ್ದ್ಯೇನೋ?"

ಎಡಗೈ ಇಡ್ಲಿ

ಒಂದು ಸಂಜೆ ಉಸ್ತಾದರು ಪೈಲ್ವಾನನನ್ನು ಬಾಗಿಲ ಬೆಳಕಿನಲ್ಲಿ ನಿಲ್ಲಿಸಿ ಹಿಂದೆ ಮುಂದೆ ಸುತ್ತು ಹಾಕಿದರು. "ಬಲಗಡೆ ಭುಜ ದಪ್ಪ, ಎಡಗಡೆ ಸಣ್ಣ. ಜಡ್ಜ್ ಮೊದ್ಲು ಇದನ್ನೇ ಹಿಡೀತಾನೆ. ಇಲ್ಲಿ ಎರಡೂ ಕೈಗೆ ಸಮ ಕೆಲ್ಸ ಕೊಡ್ತೀನಿ. ಮನೇಲಿ ಏನು ಮಾಡ್ತೀಯ?"

ಪೈಲ್ವಾನ್ ನೆಲ ನೋಡಿಕೊಂಡು ಹೇಳಿದ. "ರುಬ್ತೀನಿ."

ಅಷ್ಟು ಶಕ್ತಿ ಸುಮ್ಮನೆ ಕಬ್ಬಿಣಕ್ಕೆ ಹೋಗಬಾರದು ಎಂಬುದು ಅವನ ತಾಯಿಯ ಲೆಕ್ಕಾಚಾರ. ಶನಿವಾರ ಇಡ್ಲಿ ಹಿಟ್ಟು ರುಬ್ಬುವ ಕೆಲಸ ಅವನದು. ಅವರ ಮನೆಯದು ಮಾತ್ರವಲ್ಲ, ವಠಾರದ ಹೆಂಗಸರೆಲ್ಲ ನೆನೆಸಿದ ಅಕ್ಕಿ, ಉದ್ದಿನಬೇಳೆ ತಂದು ಸಾಲಾಗಿ ಇಟ್ಟುಹೋಗುತ್ತಿದ್ದರು. ಅವನು ಒರಳಿನ ಮುಂದೆ ಕೂತು ಬಲಗೈಯಲ್ಲಿ ಗುಂಡು ತಿರುಗಿಸುತ್ತಿದ್ದ.

"ಇನ್ಮೇಲೆ ಎಡಗೈಲಿ ರುಬ್ಬು" ಎಂದು ಉಸ್ತಾದರು ಅಪ್ಪಣೆ ಕೊಟ್ಟರು.

ಆ ಭಾನುವಾರ ವಠಾರದ ಯಾವ ಮನೆಯ ಇಡ್ಲಿಯೂ ಏಳಲಿಲ್ಲ. ಎಡಗೈಗೆ ಅಭ್ಯಾಸವಿಲ್ಲದೆ ಉದ್ದು ನುಣ್ಣಗಾಗಿರಲಿಲ್ಲ. ನನ್ನ ಪಾಲಿನದನ್ನು ನಾನು ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಟ್ಟೆ. ಹೆಂಗಸರೆಲ್ಲ ಒಟ್ಟಾಗಿ ಬಂದು, "ಏನ್ರೀ, ನಿಮ್ಮ ಮಗನ ಬಲಗೈಗೆ ಏನಾಯ್ತು?" ಎಂದು ವಿಚಾರಿಸಿದರು.

ಮಗನ ಬಹುಮಾನವನ್ನೂ ಬಿಡುವಂತಿಲ್ಲ, ವಠಾರದ ಇಡ್ಲಿಯನ್ನೂ ಕೆಡಿಸುವಂತಿಲ್ಲ. ತಾಯಿ ಯೋಚನೆ ಮಾಡಿ ತೀರ್ಪು ಕೊಟ್ಟರು. "ಉದ್ದು ನುಣ್ಣಗಿರಬೇಕು, ಅದು ಬಲಗೈಲಿ. ಅಕ್ಕಿ ತರಿತರಿ ಇದ್ರೇನೇ ಚೆನ್ನ, ಅದು ಎಡಗೈಲಿ."

ಅಕ್ಕಿ ಯಾವಾಗಲೂ ಉದ್ದಿಗಿಂತ ಹೆಚ್ಚಲ್ಲವೇ, ಕೆಲವೇ ತಿಂಗಳಲ್ಲಿ ಎಡಭುಜ ಬಲಭುಜಕ್ಕೆ ಸಮವಾಯಿತು. ಇಡ್ಲಿ ಮೊದಲಿಗಿಂತ ಹಗುರವಾದವು. ಇದೆಂಥ ಕಸರತ್ತು ಎಂದು ಉಸ್ತಾದರು ಕೇಳಿದಾಗ ಪೈಲ್ವಾನ್ ವಿವರವಾಗಿ ಹೇಳಿದ. ಅವರು ಗಂಭೀರವಾಗಿ ಕೇಳಿ ತಲೆದೂಗಿದರು. ಮುಂದಿನ ಶನಿವಾರ ಉಸ್ತಾದರ ಮನೆಯಿಂದಲೂ ಅಕ್ಕಿ, ಬೇಳೆ ಸೈಕಲ್ ಮೇಲೆ ಹಲಸೂರಿಗೆ ಬಂತು.

ನಗೂ ಬೇಟಾ

ಭುಜ ಸರಿಹೋದರೂ ಮುಖ ಸರಿಹೋಗಿರಲಿಲ್ಲ. ಸ್ನಾಯು ಬಿಗಿ ಮಾಡಿದರೆ ಸಾಕು, ದವಡೆ ಹಲ್ಲು ಕೀಳಿಸಿಕೊಳ್ಳುವವನಂತೆ ಕಾಣುತ್ತಿದ್ದ.

"ಮೈ ಫಸ್ಟು, ಮುಖ ಸೆಕೆಂಡು. ಅದಕ್ಕೇ ನಿನಗೆ ಸೆಕೆಂಡು" ಎಂದರು ಉಸ್ತಾದರು. "ಎಷ್ಟು ಕಷ್ಟ ಆಗುತ್ತೋ ಅಷ್ಟು ನಗಬೇಕು. ಕಷ್ಟ ನಿಂದು, ಅದನ್ನ ಜಡ್ಜಿಗೆ ಯಾಕೆ ತೋರಿಸ್ತೀಯ? ನಗೂ ಬೇಟಾ, ನಗು."

ಪೈಲ್ವಾನ್ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ತೂಕ ಹೆಚ್ಚಿದಷ್ಟೂ ನಗುವುದನ್ನು ಕಲಿತ. ಆಮೇಲೆ ಎಲ್ಲಿ ಕಷ್ಟವಾದರೂ ತಾನಾಗಿಯೇ ನಗು ಬರತೊಡಗಿತು. ಕಾರ್ಖಾನೆಯಲ್ಲಿ ಫೋರ್‌ಮನ್ ಬೈದರೆ ನಗುತ್ತಿದ್ದ. ಅವರು ಇನ್ನೂ ಜೋರಾಗಿ ಬೈದರೆ ಇನ್ನೂ ಅಗಲವಾಗಿ ನಗುತ್ತಿದ್ದ.

ಅಷ್ಟರಲ್ಲಿ ಆ ಫೋರ್‌ಮನ್ನರ ಮಾವ, ಅಂದರೆ ಹೆಂಡತಿಯ ತಂದೆ, ತೀರಿಕೊಂಡರು. ಕೊನೆಗಾಲದಲ್ಲಿ ಅವರು ಅಳಿಯನ ಮನೆಯಲ್ಲೇ ಇದ್ದರು. ನಾವಿಬ್ಬರೂ ಬಾಣಸವಾಡಿಯ ಆ ಮನೆಗೆ ಮಾತಾಡಿಸಲು ಹೋದೆವು. ಪೈಲ್ವಾನನದು ಹೆಂಗರುಳು. ಫೋರ್‌ಮನ್ನರ ಹೆಂಡತಿ ಅಳುವುದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. ಎರಡೂ ಸಾಲು ಹಲ್ಲು ಕಾಣುವಂತೆ ನಕ್ಕ.

ನಾನು ತಿವಿದೆ. "ಬಾಯಿ ಮುಚ್ಚೋ."

"ಆಗ್ತಿಲ್ಲ ಗುರು, ತುಂಬಾ ದುಃಖ ಆಗ್ತಿದೆ" ಎಂದು ಪಿಸುಗುಟ್ಟಿ ಇನ್ನಷ್ಟು ನಕ್ಕ. ಅವನನ್ನು ಎಳೆದುಕೊಂಡು ಹೊರಗೆ ಬಂದೆ.

ಮರುವಾರ ಫೋರ್‌ಮನ್ ನನ್ನನ್ನು ಪಕ್ಕಕ್ಕೆ ಕರೆದರು. ಗೆಳೆಯನ ಕೆಲಸ ಹೋಯಿತು ಎಂದುಕೊಂಡೆ.

"ಅವನಿಗೆ ನಮ್ಮ ಮಾವನವರ ಪರಿಚಯ ಇತ್ತೇನಯ್ಯಾ?"

"ಇಲ್ಲ ಸಾರ್."

"ಮತ್ತೆ ಅವನು ಯಾಕೆ ನಕ್ಕ? ಪರಿಚಯ ಇದ್ದ ನಾನೇ ಅಷ್ಟು ಕಷ್ಟಪಟ್ಟು ತಡ್ಕೊಂಡಿದ್ದೆ."

ಬಹುಮಾನ

ಸ್ಪರ್ಧೆ ನಡೆದದ್ದು ಕಂಟೋನ್ಮೆಂಟಿನ ಒಂದು ಹಾಲಿನಲ್ಲಿ, ಮಧ್ಯಾಹ್ನ. ಗರಡಿ ಉಳಿಯುತ್ತದೋ ಹೋಗುತ್ತದೋ ಎಂದು ಕಣ್ಣಾರೆ ನೋಡಬೇಕೆಂದು ತಾಯಿಯೂ ಬಂದಿದ್ದರು. ಮುಂದಿನ ಸಾಲಿನಲ್ಲಿ ನನ್ನ ಮತ್ತು ಉಸ್ತಾದರ ನಡುವೆ ಕೂತರು. ಮಗ ಮೈತುಂಬ ಎಣ್ಣೆ ಬಳಿದುಕೊಂಡು ತುಂಡು ಚಡ್ಡಿಯಲ್ಲಿ ವೇದಿಕೆಗೆ ಬಂದಾಗ ಸೆರಗಿನಿಂದ ಮುಖ ಮುಚ್ಚಿಕೊಂಡು, "ಹೊಸಾ ಪಂಚೆ ಕೊಟ್ಟು ಕಳಿಸಿದ್ನಲ್ಲೋ" ಎಂದು ನನ್ನನ್ನು ಕೇಳಿದರು.

ಒಬ್ಬೊಬ್ಬರೇ ಸ್ಪರ್ಧೆಯಿಂದ ಹೊರಬಿದ್ದು ಕೊನೆಗೆ ಇಬ್ಬರು ಉಳಿದರು. ನಮ್ಮ ಪೈಲ್ವಾನ್ ಮತ್ತು ಹಿಂದಿನ ವರ್ಷ ಗೆದ್ದವನು. ಹೊಟ್ಟೆ ಒಳಗೆಳೆದು ಎದೆ ಉಬ್ಬಿಸಿ ನಿಲ್ಲಲು ಹೇಳಿದರು. ಪೈಲ್ವಾನ್ ದಮ್ ಎಳೆದ. ಎಳೆದವನು ಬಿಡುವುದನ್ನೇ ಮರೆತ. ಇಷ್ಟು ದಿನ ಕಲಿತ ನಗು ಎಲ್ಲಿ ಹೋಯಿತೋ, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಈ ಸಲವೂ ಎರಡನೆಯದೇ ಎಂದುಕೊಂಡೆ. ಉಸ್ತಾದರಾದರೂ ಕೂಗಿ ಹೇಳುತ್ತಾರೆಂದರೆ ಅವರೂ ಅವನ ಜತೆಗೇ ದಮ್ ಹಿಡಿದು ಕೂತಿದ್ದರು.

ತಾಯಿ ಎದ್ದು ನಿಂತರು. ಬೆಳಿಗ್ಗೆ ವಠಾರ ಎಬ್ಬಿಸುವ ಅದೇ ದನಿಯಲ್ಲಿ, "ದಮ್ ಬಿಡೋ ಕಂದಾ. ಸಾಕು, ದಮ್ ಬಿಟ್ಬಿಡೋ" ಎಂದರು.

ಹಾಲೆಲ್ಲ ಗೊಳ್ಳೆಂದಿತು. ಪೈಲ್ವಾನ್ ಅಮ್ಮನನ್ನು ನೋಡಿದ. ಉಸಿರು ಬುಸ್ಸೆಂದು ಹೊರಗೆ ಬಂತು, ಅದರ ಹಿಂದೆಯೇ ನಗು. ಗರಡಿಯಲ್ಲಿ ಕಲಿತ ನಗುವಲ್ಲ, ಚಿಕ್ಕಂದಿನಲ್ಲಿ ವಠಾರದ ಅಂಗಳದಲ್ಲಿ ನಗುತ್ತಿದ್ದ ನಗು. ನಗುತ್ತಲೇ ಎರಡೂ ತೋಳು ಎತ್ತಿ ನಿಂತ. ತೀರ್ಪುಗಾರರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲ ಬಹುಮಾನ ಅವನದಾಯಿತು. ನಾನು ಅತ್ತೆ, ಉಸ್ತಾದರೂ ಅತ್ತರು.

ಮುಖ್ಯ ಅತಿಥಿಗಳು ಕಪ್ ಕೊಟ್ಟು ಮೈಕ್ ಹಿಡಿದರು. "ಈಗ ತಾನೇ ಒಬ್ಬ ಮಹಾತಾಯಿ ಎಲ್ಲರೆದುರಿಗೆ ಎದ್ದು ನಿಂತು ಮಗನಿಗೆ ದಮ್ ಬಿಡು ಅಂದರು. ಬೀಡಿ, ಸಿಗರೇಟಿಗೆ ದಾಸನಾಗಿದ್ದ ಈ ಯುವಕ ಆ ತಾಯಿಯ ಮಾತಿಗೆ ತಲೆಬಾಗಿ ದಮ್ ಬಿಟ್ಟ. ಫಲ ನಿಮ್ಮ ಕಣ್ಣ ಮುಂದಿದೆ."

ಚಪ್ಪಾಳೆಯೋ ಚಪ್ಪಾಳೆ. ಜನ್ಮದಲ್ಲಿ ಬೀಡಿ ಮುಟ್ಟದ ಪೈಲ್ವಾನ್ ಹಾಗಲ್ಲ ಎಂದು ಹೇಳಲು ಮೈಕಿನ ಕಡೆ ಹೆಜ್ಜೆ ಇಟ್ಟ. ಕೆಳಗಿನಿಂದ ಉಸ್ತಾದರು ಕೈ ಅಡ್ಡ ಮಾಡಿ, "ನಗೂ ಬೇಟಾ, ನಗು" ಎಂದರು. ಅವನು ನಕ್ಕ.

ಹೊರಗೆ ಬಂದು ಬಸ್ಸಿಗೆ ನಿಂತೆವು. ತಾಯಿ ಏನೋ ಯೋಚಿಸುತ್ತಿದ್ದವರು ಮಗನ ಕಡೆ ತಿರುಗಿದರು.

"ನಾನೇನೋ ಉಸಿರು ಬಿಡು ಅಂತ ಹೇಳಿದ್ದು. ಆದ್ರೆ ಅಷ್ಟು ದೊಡ್ಡ ಮನುಷ್ಯರು, ಮೈಕಲ್ಲಿ, ಸುಮ್ಸುಮ್ನೆ ಹೇಳ್ತಾರೇನೋ? ಎಲ್ಲಿ, ಬಾಯಿ ತೆಗಿ."

ರಾಜ್ಯಕ್ಕೇ ಮೊದಲಿಗನಾದ ಪೈಲ್ವಾನ್ ಕಪ್ಪನ್ನು ನನ್ನ ಕೈಗೆ ಕೊಟ್ಟು, ಬಸ್ ಸ್ಟಾಪಿನ ಅಷ್ಟೂ ಜನರೆದುರು ಬಗ್ಗಿ ಬಾಯಿ ತೆರೆದ.