ಕರೋಶಿ ಗಾಡಿಯ ಮೂರು ಅವತಾರ

ನನ್ನ ಗ್ಯಾರೇಜಿಗೆ ಬಂದ ಗಾಡಿ ರಿಪೇರಿ ಆಗದ ಹೋಗಿದ್ದುಂಟು, ನಮ್ಮನ್ನ ನಗಸದ ಹೋಗಿದ್ದು ಮಾತ್ರ ಇಲ್ಲರಿ. ಚಿಕ್ಕೋಡಿಯಾಗ ಕೈಯಾಗ ಪಾನಾ ಹಿಡದು ಇಪ್ಪತ್ತೆರಡು ವರ್ಷ ಆತು. ಮೊದಲ ಬರೇ ಪಂಕ್ಚರ್, ಆಯಿಲ್, ಬ್ರೇಕ್. ಈಗ ಐದಾರು ವರ್ಷದಿಂದ ಹುಡುಗರು ಬರ್ತಾರ, ಮೊಬೈಲ್ ತಂದು ನನ್ನ ಮಾರಿ ಮುಂದ ಹಿಡೀತಾರ, ಅಣ್ಣಾ ನಮ್ಮ ಗಾಡಿ ಹಿಂಗ ಮಾಡಿಕೊಡು ಅಂತಾರ. ಮೊಬೈಲ್‌ನ್ಯಾಗ ನೋಡಿದ್ರ ಪರದೇಶದ ಗಾಡಿ, ಕನ್ನಡಿ ಹಂಗ ಹೊಳೀತಿರತೈತಿ. ಹೊರಗ ನೋಡಿದ್ರ ಅವರಪ್ಪನ ಕಾಲದ ನೂರು ಸಿಸಿ ಗಾಡಿ, ಟ್ಯಾಂಕಿನ ಮ್ಯಾಲ ಎಮ್ಮಿ ಸಗಣಿ ಒಣಗಿರತೈತಿ. ಆಗಂಗಿಲ್ಲ ಹೋಗೋ ಅನ್ನಾಕ ನನಗ ಬಾಯಿ ಬರಂಗಿಲ್ಲ. ಅದ ನನ್ನ ಕೆಟ್ಟ ಚಾಳಿ.

ಇಂಥಾ ಪ್ರಸಂಗ ಹೇಳಕೋತ ಕುಂತ್ರ ಮುಗಿಯೂದಿಲ್ಲ. ಆದ್ರ ಬಾಜೂ ಊರು ಕರೋಶಿಯ ಹುಡುಗಂದು ಒಂದ ಗಾಡಿ ಒಂದ ವರ್ಷದಾಗ ಮೂರು ಸಲ ಬಂತು. ಅದನ್ನ ಹೇಳಿದ್ರ ಉಳದಾವ್ರದ್ದು ಹೇಳೋ ಗರಜ ಇಲ್ಲ.

ಹುಡುಗಗ ಇಪ್ಪತ್ತೊಂಬತ್ತು ವಯಸ್ಸು, ಮೂರು ಎಕರೆ ಕಬ್ಬು, ನಾಕು ಎಮ್ಮಿ, ಗುಣ ಅಂದ್ರ ಬಂಗಾರ. ಆದ್ರ ಈಗ ನಮ್ಮ ಕಡೆ ಒಕ್ಕಲತನ ಮಾಡಾವ್ರಿಗೆ ಹೆಣ್ಣು ಕೇಳಿದ್ರ ಜನ ಮಾರಿ ಆ ಕಡೆ ತಿರುವ್ತಾರ. ಏಳು ಕಡೆ ಹೆಣ್ಣು ನೋಡಿ ಬಂದಿದ್ದ. ಏಳೂ ಮನಿಯವ್ರು ಹೇಳಿ ಕಳಸ್ತೀವಿ ಅಂದಿದ್ರು, ಯಾರೂ ಇನ್ನೂ ಹೇಳಿ ಕಳಸಿಲ್ಲ. ಇದಕ್ಕೆಲ್ಲಾ ಗಾಡೀನ ಕಾರಣ ಅಂತ ಇವನ ತಲ್ಯಾಗ ಹೊಕ್ಕಿತ್ತು. ಎರಡೂ ಬಾಜೂ ಹಾಲಿನ ಕ್ಯಾನ್ ಜೋತಬಿಡೋ ಕೊಕ್ಕಿ ಇದ್ದ ಗಾಡಿ ಮ್ಯಾಲ ಹೋದ್ರ ಯಾರು ಹೆಣ್ಣು ಕೊಡ್ತಾರ ಅಂತ. ಹೊಸಾದು ಕೊಡಸು ಅಂದ್ರ ಅವರಪ್ಪ, "ಇದಕ್ಕೇನ್ ಧಾಡಿ ಆಗೇತಿ?" ಅಂತಿದ್ದ.

ಒಂದಿನ ಬಂದು ಗಾಡಿ ಸ್ಟ್ಯಾಂಡ್ ಹಚ್ಚಿ ನಿಂತ. "ಅಣ್ಣಾ, ನನ್ನ ಲಗ್ನಾ ನಿನ್ನ ಕೈಯಾಗ ಐತಿ" ಅಂದ. ಇಪ್ಪತ್ತೆರಡು ವರ್ಷದಾಗ ನನಗ ಯಾರೂ ಹಂಗ ಅಂದಿರಲಿಲ್ಲ. ನಾ ಉಬ್ಬಿ ಹೋದ್ನಿ.

ಒಂದು: ಹೊಟ್ಟಿ ಬ್ಯಾನಿ

ಮೊದಲ ಸಲ ಅವ ತೋರಿಸಿದ್ದು ಕೆಫೆ ರೇಸರ್ ಅನ್ನೋ ಗಾಡಿ. ಅದರ ಹ್ಯಾಂಡಲ್ ಭಾಳ ಕೆಳಗ, ಕಾಲಿಡೋದು ಭಾಳ ಹಿಂದ, ಹೊಡಿಯಾವ ಟ್ಯಾಂಕಿನ ಮ್ಯಾಲ ಬೋರಲ ಮಲಗಿದಂಗ ಕಾಣಬೇಕು. ನಿಪ್ಪಾಣಿ ಗುಜರ್ಯಾಗ ಹುಡಿಕಿ ದುಂಡ ಲೈಟ್ ತಂದ್ನಿ, ಹ್ಯಾಂಡಲ್ ಕೊಯ್ದು ಕೆಳಗ ಬೆಸದ್ನಿ, ಹಾಲಿನ ಕೊಕ್ಕಿ ತಗದು ಹಸರ ಬಣ್ಣ ಹೊಡದ್ನಿ. ಹುಡುಗ ಗಾಡಿ ಸುತ್ತ ಮೂರು ಸುತ್ತ ಹಾಕಿದ. ಮೊಬೈಲ್‌ನ್ಯಾಗ ಇದ್ದಂಗ ಆಗೇತಿ ಅಂದ.

ಒಂದ ಮರತಿದ್ವಿ. ಹಗಲೆಲ್ಲಾ ಗಾಡಿ ಹುಡುಗಂದು ಇದ್ರೂ ಮುಂಜಾನಿ ಸಂಜಿಕ ಅವರಪ್ಪಂದು. ಅರವತ್ತರ ಮ್ಯಾಲ ವಯಸ್ಸು, ಧೋತ್ರ, ಟೊಪಗಿ, ಊರೆಲ್ಲಾ ಅವನಿಗೆ ಕಾಕಾ ಅಂತೈತಿ. ತ್ವಾಟದ ಮನಿಯಿಂದ ಡೇರಿಗೆ ಹಾಲು ಒಯ್ಯಾವ ಅವನ. ಹ್ಯಾಂಡಲ್ ಕೈಗೆ ಸಿಗಬೇಕಂದ್ರ ಬೊಗ್ಗಬೇಕು. ಬೊಗ್ಗಿದ್ರ ಹೊಟ್ಟಿ ಟ್ಯಾಂಕಿಗೆ ಹತ್ತತೈತಿ, ಗದ್ದ ಮೀಟರಿಗೆ ಹತ್ತತೈತಿ. ಕ್ಯಾನು ಹಿಂದಿನ ಸೀಟಿಗೆ ಕಟ್ಟಿ, ಹಂಗ ಬೊಗ್ಗಿ, ಕಣ್ಣು ಸಣ್ಣ ಮಾಡಿ, ಹಲ್ಲು ಕಚ್ಚಿ ಕಾಕಾ ಊರಾಗ ಹಾದು ಹೋದ.

ಮೊದಲನೇ ದಿನ ಮಂದಿ ಕಾಕಾಗ ಆರಾಮಿಲ್ಲೇನು ಅಂದ್ರು. ಎರಡನೇ ದಿನ ಹೊಟ್ಟಿ ಬ್ಯಾನಿ ಅಂತ ಅಂದ್ರು. ಮೂರನೇ ದಿನ ಯಾರೋ ಅಥಣಿಯಾಗಿದ್ದ ಮಗಳಿಗೆ ಫೋನ್ ಮಾಡಿ, ನಿಮ್ಮಪ್ಪ ನೋವು ತಡೀಲಾರದ ಗಾಡಿ ಮ್ಯಾಲ ಡೊಂಕ ಆಗಿ ಹೊಂಟಿದ್ದ, ಲಗೂ ಬಂದು ನೋಡಕೊಂಡ ಹೋಗವ್ವಾ ಅಂತ ಹೇಳಿದ್ರು. ಮಗಳು, ಅಳಿಯಾ ಎಳನೀರು, ದ್ರಾಕ್ಷಿ ಹಿಡಕೊಂಡು ಓಡಿ ಬಂದ್ರು. ಬಾಗಲದಾಗ ಮಗಳು ಅಳಾಕ ಶುರು ಮಾಡಿದ್ಲು. ಕಾಕಾ ಒಳಗ ಕುಂತು ಎರಡನೇ ರೊಟ್ಟಿ ಉಣ್ಣಾಕತ್ತಿದ್ದ.

ಅಷ್ಟರಾಗ ನಿಪ್ಪಾಣಿ ಕಡೆಯಿಂದ ಒಂದು ಸಂಬಂಧ ಕೂಡಾಕ ಬಂದಿತ್ತು. ಮಾವ ಹಾಸಗಿ ಹಿಡದಾನ, ನಮ್ಮ ಹುಡುಗಿ ಹೋಗಿ ಸೇವಾ ಮಾಡಬೇಕಾಗತೈತಿ ಅಂತ ಅವರು ಬಿಟ್ಟರು. ಎಂಟನೇದೂ ಹೋತು. ಮಗಳು ಏನಾಗೇತಿ ಖರೇ ಹೇಳಪಾ ಅಂತ ಕೇಳಿದ್ರ ಕಾಕಾ ರೊಟ್ಟಿ ಕೆಳಗ ಇಟ್ಟು, "ನನಗೇನೂ ಆಗಿಲ್ಲವ್ವಾ. ಬ್ಯಾನಿ ಬಂದಿದ್ದು ಗಾಡಿಗೆ" ಅಂದ.

ಎರಡು: ಬಲಗಡೆ ಕ್ಯಾನು

ಗಾಡಿ ಮತ್ತ ನನ್ನ ಗ್ಯಾರೇಜಿಗೆ ಬಂತು. ಈ ಸಲ ನಾನ ಶಾಣ್ಯಾ ಆದ್ನಿ. ಹುಡುಗಗೂ ಚಂದ ಕಾಣಬೇಕು, ಕಾಕಾಗೂ ಬೆನ್ನು ನೆಟ್ಟಗಿರಬೇಕು. ಸ್ಕ್ರ್ಯಾಂಬ್ಲರ್ ಮಾಡೋಣು ಅಂದ್ನಿ. ಅಂದ್ರ ಕಾಡು, ಕಲ್ಲು, ರಾಡಿ ಎಲ್ಲಾ ಕಡೆ ಹೋಗೋ ಗಾಡಿ. ಹ್ಯಾಂಡಲ್ ಮ್ಯಾಲ, ಟಾಯರ್ ದಪ್ಪ, ನೀರಾಗ ಹಾದ್ರೂ ಮುಳಗಬಾರದಂತ ಸೈಲೆನ್ಸರ್ ಮ್ಯಾಲ ಎತ್ತಿ ಸೀಟಿನ ಬಾಜೂಕ ತರೂದು. ಕಾಕಾ ಹೇಳಿದಂಗ ಹಾಲಿನ ಕೊಕ್ಕೀನೂ ಎರಡೂ ಕಡೆ ಹೊಳ್ಳಿ ಹಾಕಿಕೊಟ್ನಿ. ಕಾಕಾ ಕುಂತು ನೋಡಿದ. ದೇಸಾಯಿ ಕುದರಿ ಮ್ಯಾಲ ಕುಂತಂಗ ಆಕ್ಕೈತಿ ಅಂದ. ನನಗೂ ಸಮಾಧಾನ ಆತು.

ನಮ್ಮ ಕಡೆ ಗಂಡಿನ ಮನಿ ವಿಚಾರ ಮಾಡೂದು ಡೇರಿಯಾಗರಿ. ಹೊಲ ಎಷ್ಟೈತಿ ಅಂತ ಯಾರನ್ನ ಕೇಳಿದ್ರೂ ಒಂದಕ್ಕ ಎರಡ ಹೇಳ್ತಾರ. ಹಾಲಿಗೆ ನೀರ ಹಾಕಾವ್ರೋ ಇಲ್ಲೋ ಅನ್ನೂದು ಡೇರಿ ಸೆಕ್ರೆಟರಿಗೆ ಗೊತ್ತು. ಒಂದಿನ ಸಂಜಿಕ ಅಲಖನೂರಿಂದ ಒಬ್ಬ ಹುಡುಗಿಯ ಸೋದರಮಾವ ಸುಮ್ಮ ಬಂದಂಗ ಬಂದು ಡೇರಿ ಕಟ್ಟಿ ಮ್ಯಾಲ ಕುಂತಿದ್ದ. ಸೆಕ್ರೆಟರಿ ಕರೋಶಿ ಕಾಕಾನ ಹಾಲಂದ್ರ ಹಾಲು ಅಂತ ಹೊಗಳಾಕತ್ತಿದ್ದ. ಅಷ್ಟರಾಗ ಕಾಕಾನ ಬಂದ.

ತ್ವಾಟದಿಂದ ಡೇರಿಗೆ ನಾಕು ಕಿಲೋಮೀಟರ್. ಕಾಕಾ ಸಿಕ್ಕ ಸಿಕ್ಕಾವ್ರನ್ನ ಮಾತಾಡಸ್ತಾನ, ಗಾಡಿ ಬಂದ್ ಮಾಡಂಗಿಲ್ಲ, ಚಾಲೂ ಇಟ್ಟ ಮಾತಾಡ್ತಾನ. ಬಲಗಡೆ ಕ್ಯಾನು ಅಷ್ಟೊತ್ತೂ ಸೈಲೆನ್ಸರಿಗೆ ಆತು ನಿಂತಿತ್ತು. ಸೆಕ್ರೆಟರಿ ಎಡಗಡೆ ಕ್ಯಾನ್ ತಗದ, ಹಾಲು ಚಲೋ ಇತ್ತು. ಬಲಗಡೆದು ಮುಚ್ಚಳ ತಗದ್ರ ಹಬೆ ಎದ್ದು ಅವನ ಚಸ್ಮಾ ಮಂಜಾತು. ಮ್ಯಾಲ ದಪ್ಪ ಕೆನಿ ಕಟ್ಟಿತ್ತು. ಚಸ್ಮಾ ಒರಸಿಕೊಂಡು ಅಂದ:

"ಕಾಕಾ, ಸಕ್ರಿ ಚಹಾಪುಡಿ ಹಿಂದ ಬರಾಕತ್ತಾವೇನು?"

ಡೇರಿಯಾಗ ಕಾಸಿದ ಹಾಲು ತಗೋಳಂಗಿಲ್ಲ. ಆ ಕ್ಯಾನ್ ತಿರಗಿ ಗಾಡಿ ಏರಿತು. ಅಲಖನೂರಿನ ಸೋದರಮಾವ, ಈ ಮನಿ ಹಾಲು ಡೇರಿಯವ್ರ ಮುಟ್ಟಂಗಿಲ್ಲ ಅಂತ ತಿಳಕೊಂಡು ಎದ್ದು ಹೋಗಿಬಿಟ್ಟ. ಒಂಬತ್ತನೇದೂ ಹೋತು. ಹುಡುಗ ಎರಡು ದಿನ ಊಟ ಮಾಡಲಿಲ್ಲಂತ. ಅವರವ್ವ ಒಬ್ಬಾಕಿನ ಖುಷಿಯಿಂದ ಇದ್ಲು. ದಿನಾ ಆ ಕಡೆ ಒಂದು ಕ್ಯಾನು ಮನಿಗೆ ತಾ, ಗ್ಯಾಸ್ ಉಳೀತೈತಿ ಅಂದ್ಲಂತ.

ಮೂರು: ಒಂದ ಸೀಟು

ಮೂರನೇ ಸಲ ಗಾಡಿ ತಂದಾವ ಹುಡುಗ ಅಲ್ಲ, ಕಾಕಾ. ದಿಗ್ಗೇವಾಡಿಯಿಂದ ಹತ್ತನೇ ಸಂಬಂಧ ಬಂದಿತ್ತು. ಇದೂ ಹೋದ್ರ ಮಗ ಲಗ್ನಾನ ಬ್ಯಾಡಂತಾನ, ಬಾಯಿ ಬಿಟ್ಟು ಹೇಳ್ಯಾನ ಅಂದ. ಆಮ್ಯಾಲ ಗಾಡಿ ಕೀಲಿ ನನ್ನ ಕೈಯಾಗ ಇಟ್ಟ. "ನನ್ನ ಹಾಲಿನ ಚಿಂತಿ ಮಾಡಬ್ಯಾಡಪಾ ಮಿಸ್ತ್ರಿ. ನಾ ಸೈಕಲ್ ಮ್ಯಾಲ ಒಯ್ತೀನಿ. ಅವ ಹೆಂಗಂತಾನ ಹಂಗ ಮಾಡಿಕೊಡು." ಇಪ್ಪತ್ತು ವರ್ಷ ಆ ಗಾಡಿ ಮ್ಯಾಲ ಜೀವಾ ಇಟ್ಟ ಮನಶಾ ಹಂಗಂದು ನಡಕೋತ ಹೋದ.

ಹುಡುಗ ಬಾಬರ್ ಬೇಕಂದ. ಅಂದ್ರ ಬ್ಯಾಡಾದದ್ದೆಲ್ಲಾ ಕೊಯ್ದು ಒಗಿಯೂದು. ನಾ ಹಠಕ್ಕ ಬಿದ್ದು ಮಾಡಿದ್ನಿ. ಹಿಂದಿನ ಮಡಗಾರ್ಡ್ ಗೇಣ ಉಳಿಸಿ ಕತ್ತರಿಸಿದ್ನಿ, ಕೊಕ್ಕಿ ತಗದ್ನಿ, ಉದ್ದ ಸೀಟ್ ತಗದು ಸ್ಪ್ರಿಂಗ್ ಮ್ಯಾಲ ಒಂದ ದುಂಡ ಸೀಟ್ ಕುಂದ್ರಿಸಿದ್ನಿ, ಎಲ್ಲಾ ಕರೇ ಬಣ್ಣ. ನನ್ನ ಕೈಯಿಂದ ಅಂಥಾ ಗಾಡಿ ಹಿಂದ ಆಗಿಲ್ಲ, ಮುಂದ ಆಗಂಗಿಲ್ಲ.

ಹೆಣ್ಣು ನೋಡಾಕ ಹೋಗೋ ದಿನ ಹುಡುಗನ ಅವ್ವ, ಸೋದರಮಾವ ಮುಂಚೇನ ಬಸ್ಸಿಗೆ ಹೋಗಿದ್ರು. ಹುಡುಗ ಗಾಡಿ ಒಯ್ಯಾಕ ನನ್ನ ಗ್ಯಾರೇಜಿಗೆ ಬಂದಿದ್ದ. ಕಾಕಾನೂ ಹೊಸಾ ಧೋತ್ರ ಉಟಗೊಂಡು ಬಂದು ಗಾಡಿ ಹಿಂದ ಒಂದು ಕಾಲು ಎತ್ತಿದ. ಎತ್ತಿದ ಕಾಲು ಎತ್ತಿದಂಗ ನಿಂತ. ಕುಂದ್ರಾಕ ಜಾಗಾನ ಇರಲಿಲ್ಲ. ಮೂರೂ ಮಂದಿ ಮಾರಿ ಮಾರಿ ನೋಡಿಕೊಂಡ್ವಿ. ಕಡೀಕ ಕಾಕಾನ್ನ ನನ್ನ ಗಾಡಿ ಮ್ಯಾಲ ಕುಂದ್ರಿಸಿಕೊಂಡು ನಾನೂ ಹೊಂಟ್ನಿ. ಹಂಗಂತನ ಮುಂದಿಂದು ನನ್ನ ಕಣ್ಣಾರೆ ನೋಡಾಕ ಸಿಕ್ತು.

ದಿಗ್ಗೇವಾಡಿ ಹತ್ರ ಕಬ್ಬಿಗೆ ಬಿಟ್ಟ ನೀರು ರಸ್ತೆಕ್ಕ ಹರದಿತ್ತು. ಹುಡುಗ ಮುಂದಿದ್ದ. ಗೇಣ ಮಡಗಾರ್ಡಿನ ಹಿಂದಿನ ಗಾಲಿ ಆ ರಾಡೀನ್ನೆಲ್ಲಾ ಎತ್ತಿ ಅವನ ಬೆನ್ನಿಗೆ ಒಗೀತು. ಮುಂದಿಂದ ನೋಡಿದ್ರ ಬಿಳೇ ಅಂಗಿ, ಇಸ್ತ್ರಿ, ಮದಿಮಗ. ಹಿಂದಿಂದ ನೋಡಿದ್ರ ಆಗಷ್ಟ ಗದ್ದಿ ಉತ್ತು ಬಂದಾವ. ತೊಳಿಯಾಕ ವ್ಯಾಳೆ ಇರಲಿಲ್ಲ. ಯಾರಿಗೂ ಬೆನ್ನ ತೋರಿಸಬ್ಯಾಡ ಅಂತ ಹೇಳಿದ್ನಿ. ಅವ ಏಡಿ ಹಂಗ ಅಡ್ಡಡ್ಡ ನಡಕೋತ ಆ ಮನಿ ಹೊಕ್ಕು, ಗ್ವಾಡಿಗೆ ಬೆನ್ನ ಹಚ್ಚಿ ಕುಂತ.

ಹುಡುಗಿ ಅವಲಕ್ಕಿ ತಂದು ಇಟ್ಟು ಅವರವ್ವನ ಬಾಜೂಕ ಕುಂತ್ಲು. ಹೆಸರು, ಕಲ್ತದ್ದು, ಅಡಗಿ, ಎಲ್ಲಾ ಕೇಳಿದ್ದಾತು. ಅವಳಪ್ಪ ನಮ್ಮ ಹುಡುಗಿ ಕಬ್ಬಿನ ಹೊಲದಾಗ ಟ್ರ್ಯಾಕ್ಟರೂ ಹೊಡೀತಾಳ ಅಂತ ಹೆಮ್ಮಿಯಿಂದ ಹೇಳಿದ. ಎಲ್ಲಾ ಚಲೋ ನಡದಿತ್ತು. ಅಷ್ಟರಾಗ ಹುಡುಗಿಯ ಆಯಿ ಕೋಲು ಊರಿಕೋತ ಅಂಗಳದಿಂದ ಒಳಗ ಬಂದ್ಲು. ಮುದುಕಿ ಅಷ್ಟೊತ್ತೂ ಹೊರಗ ನಿಂತು ಗಾಡಿ ನೋಡಾಕತ್ತಿದ್ಲು.

"ಗಾಡಿ ಚಂದ ಐತಿ" ಅಂದ್ಲು. "ಆದ್ರ ಒಂದ ಸೀಟ ಐತಿ. ನಮ್ಮ ಹುಡುಗಿ ಎಲ್ಲಿ ಕುಂದ್ರಬೇಕು?"

ಹುಡುಗಿಯ ಅಪ್ಪ ಕಾಕಾನ ಮಾರಿ ನೋಡಿದ, ಕಾಕಾ ಮಗನ ಮಾರಿ ನೋಡಿದ, ಮಗ ನನ್ನ ಮಾರಿ ನೋಡಿದ. ನಾ ಅವಲಕ್ಕ್ಯಾಗ ಶೇಂಗಾ ಹುಡಕಾಕ ಹತ್ತಿದ್ನಿ. ಹತ್ತನೇದೂ ನನ್ನ ಕೈಯಿಂದನ ಹೋತಲ್ಲಪಾ ಅಂತ ಅನಕೊಂಡ್ನಿ.

ಆಗ ಹುಡುಗಿ ತಲಿ ಎತ್ತಿದ್ಲು. ದನಿ ಸಣ್ಣದಿದ್ರೂ ಎಲ್ಲಾರಿಗೂ ಕೇಳಸ್ತು.

"ಆಯೀ, ಗಾಡಿ ಹೊಡಿಯಾಕ ನನಗ ಬರತೈತಿ. ನನಗ ಒಂದ ಸೀಟ ಸಾಕು. ಅವರು ಎಲ್ಲಿ ಕುಂದ್ರತಾರ ಅಂತ ಅವರನ್ನ ಕೇಳು."

ಮೊದಲ ಮುದುಕಿ ನಕ್ಕಳು, ಆಮ್ಯಾಲ ಮನಿಯೆಲ್ಲಾ ನಕ್ಕಿತು. ಹುಡುಗಿ ಅಪ್ಪ ನಕ್ಕು ನಕ್ಕು ಕಣ್ಣು ಒರಸಿಕೊಂಡ. ನಮ್ಮ ಹುಡುಗ ಒಬ್ಬಾವ ನಗಲಿಲ್ಲ. ಎರಡೂ ಕೈ ಜೋಡಿಸಿ, ಹಿಂದ ಕುಂದ್ರತೀನ್ರಿ ಅಂದ. ಹುಡುಗಿ ಸೆರಗಿನ್ಯಾಗ ಬಾಯಿ ಮುಚ್ಚಿಕೊಂಡು ಒಳಗ ಓಡಿದ್ಲು. ಅವಳವ್ವ ಹಿಂದಿಂದನ ಹೋಗಿ ಸಕ್ರಿ ಡಬ್ಬಿ ಹಿಡಕೊಂಡು ಬಂದ್ಲು.

ಸಂಬಂಧ ಕೂಡಿತು ಅಂತ ಎಲ್ಲಾರೂ ಬಾಯಿಗೆ ಸಕ್ರಿ ಹಾಕೊಳ್ಳಾಕತ್ತಾಗ ಕಾಕಾ ನನ್ನ ಕಡೆ ಸರದು ಬಂದು ಕಿವಿಯಾಗ ಅಂದ:

"ಮಿಸ್ತ್ರಿ, ನಾಳೆನ ಹಿಂದ ಇನ್ನೊಂದ ಸೀಟ ಹಾಕಿಬಿಡಪಾ. ಜರಾ ಮೆತ್ತಗಿರಲಿ, ನಮ್ಮ ಹುಡುಗಗ ರೂಢಿ ಇಲ್ಲ."