ತೆರೆದಿದ್ದರೂ ಮುಚ್ಚಿದೆ ಎನ್ನುವವರು

ಹೇಳಿದ್ದನ್ನು ನಂಬದಿರುವುದೇ ನನ್ನ ಉದ್ಯೋಗ. ಇದನ್ನು ಬಂಧುಬಳಗಕ್ಕೆ ವಿವರಿಸಿ ವಿವರಿಸಿ ನನಗೆ ಸಾಕುಸಾಕಾಗಿದೆ. ಕಂಪ್ಯೂಟರಿನ ಗುಂಡಿ ಒತ್ತಿದರೆ ಅದರೊಳಗೆ ಮೊದಲು ಕಣ್ಣು ಬಿಡುವುದು ಫರ್ಮ್‌ವೇರ್ ಎಂಬ ಪುಟ್ಟ ತಂತ್ರಾಂಶ. ಆಮೇಲೆ ಏಳುವುದು ಕರ್ನಲ್ ಎಂಬ ಯಜಮಾನ. ಯಜಮಾನನಿಗೆ ಫರ್ಮ್‌ವೇರ್ ಮನೆಯ ವರದಿ ಒಪ್ಪಿಸುತ್ತದೆ: ಬ್ಯಾಟರಿ ಇದೆ, ಫ್ಯಾನ್ ಇದೆ, ಮುಚ್ಚಳ ತೆರೆದಿದೆ. ಕರ್ನಲ್ ಪಾಪ, ಹೇಳಿದ್ದನ್ನೆಲ್ಲ ನಂಬುತ್ತದೆ. ಆದರೆ ತಯಾರಿಸಿದ ಪುಣ್ಯಾತ್ಮರು ಹಳೆಯ ಮಾಡೆಲ್ಲಿನ ವಿವರವನ್ನೇ ಹೊಸದಕ್ಕೂ ಅಂಟಿಸಿ ಕಳಿಸಿರುತ್ತಾರೆ. ಹಾಗಾಗಿ ಮೇಜಿನ ಮೇಲೆ ಕೂತ ಡಬ್ಬವೊಂದು ತನಗಿಲ್ಲದ ಬ್ಯಾಟರಿ ಮುಗಿಯುತ್ತಾ ಬಂತೆಂದು ಬೊಬ್ಬೆ ಹೊಡೆಯುತ್ತದೆ. ಕಂಪನಿಗೆ ಬರೆದರೆ ಉತ್ತರವಿಲ್ಲ. ಆಗ ನನ್ನಂಥವರು ಕರ್ನಲ್ಲಿಗೆ ಒಂದು ತೇಪೆ ಹಾಕುತ್ತೇವೆ: ‘ಈ ಮಾಡೆಲ್ ಹೀಗಂದರೆ ಹೂಂ ಅನ್ನು, ನಂಬಬೇಡ.’ ಯಂತ್ರವನ್ನು ಬೈಯುವುದಿಲ್ಲ, ತಿದ್ದುವುದೂ ಇಲ್ಲ. ಅದರ ಬುದ್ಧಿ ತಿಳಿದು ಹೊಂದಿಕೊಂಡು ಹೋಗುತ್ತೇವೆ, ಅಷ್ಟೆ.

ಈ ಕೆಲಸವನ್ನು ನಾನು ಮಂಡ್ಯದ ಗುತ್ತಲಿನ ನಮ್ಮ ಮನೆಯ ಹಾಲಿನಲ್ಲಿ ಕೂತೇ ಮಾಡುತ್ತೇನೆ. ವೈದ್ಯನಾಥಪುರದಿಂದ ಆಗಾಗ ಬಂದುಹೋಗುವ ನಮ್ಮತ್ತೆ ಅದನ್ನು ಪಕ್ಕದ ಮನೆಯಾಕೆಗೆ ನನಗಿಂತ ಚೆನ್ನಾಗಿ ವಿವರಿಸಿದ್ದಾರೆ. “ಕಂಪೂಟ್ರುಗಳು ಸುಳ್ಳೇಳ್ತವಂತೆ ಕಣವ್ವ. ನಮ್ ಸೊಸೆ ಅವ್ನ ಇಡೀತಾಳೆ.” ಆಕೆ, “ಅಂಗಾರೆ ಪೊಲೀಸ್ ಕೆಲ್ಸ ಅನ್ನು” ಅಂದರಂತೆ. “ಊಂ, ಕೂತ್ಕಂಡ್ ಮಾಡೋ ಪೊಲೀಸು” ಎಂದು ಅತ್ತೆ ಮಾತು ಮುಗಿಸಿದರಂತೆ.

ನಮ್ಮ ಕಡೆ ನೆಂಟರು ಹೊರಡುವುದಕ್ಕೆ ಒಂದು ಕ್ರಮವಿದೆ. ಬಂದವರು ‘ಓಯ್ತೀನಿ’ ಅನ್ನಬೇಕು. ಮನೆಯವರು ‘ಇರಿ’ ಅನ್ನಬೇಕು. ‘ಎಮ್ಮೆಗೆ ಮೇವಾಕೋರಿಲ್ಲ’ ಎಂದು ಅವರು ರಾಗ ಎಳೆಯುವಷ್ಟರಲ್ಲಿ ಮನೆಯವರು ಯಾರಾದರೂ ಅವರ ಬ್ಯಾಗು ಬಚ್ಚಿಡಬೇಕು. ಹುಡುಕಾಟ, ಬೈಗುಳ ಎಲ್ಲ ನಡೆದು ಬಸ್ಸು ತಪ್ಪಿದ ಮೇಲೆ ನೆಂಟರು ಸಂತೋಷವಾಗಿ ಇನ್ನೆರಡು ದಿನ ಇರುತ್ತಾರೆ. ಮಳವಳ್ಳಿಯ ನನ್ನ ತವರಿನಲ್ಲಿ ಅಜ್ಜಿ ಹೀಗೇ ದೊಡ್ಡಪ್ಪನ ಒಂದು ಚಪ್ಪಲಿ ಬಚ್ಚಿಟ್ಟು, ಎಲ್ಲಿಟ್ಟೆನೆಂದು ತಾನೇ ಮರೆತರು. ದೊಡ್ಡಪ್ಪ ಕೊನೆಗೆ ತಾತನ ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿದರು. ತಾತನ ಚಪ್ಪಲಿ ಇವತ್ತಿಗೂ ವಾಪಸ್ಸು ಬಂದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಮೊನ್ನೆ ನಾನು ಎಡವಿದೆ. ಆ ವಾರ ನನ್ನ ಮೇಜಿನ ಮೇಲೊಂದು ಮೊಂಡು ಲ್ಯಾಪ್‌ಟಾಪ್ ಇತ್ತು. ಎಷ್ಟು ಅಗಲಿಸಿ ತೆರೆದಿಟ್ಟರೂ ಅದರ ಫರ್ಮ್‌ವೇರ್ ‘ಮುಚ್ಚಳ ಮುಚ್ಚಿದೆ’ ಅನ್ನುತ್ತಿತ್ತು. ಸರಿ ಹಾಗಾದರೆ ಎಂದು ಅದು ನನ್ನ ಕಣ್ಣೆದುರೇ ನಿದ್ದೆಗೆ ಜಾರುತ್ತಿತ್ತು. ಅದರ ಜೊತೆ ಗುದ್ದಾಡುತ್ತಿದ್ದಾಗ ಅತ್ತೆ ಬಂದು, “ನಾಳೀಕ್ ಓಯ್ತೀನಿ ಕಣ್ ಮಗ” ಅಂದರು. ಪರದೆಯಿಂದ ಕಣ್ಣು ಕೀಳದೆ “ಸರಿ ಅತ್ತೆ” ಅಂದೆ.

ಬೆಳಿಗ್ಗೆ ಅವರ ಬ್ಯಾಗು ನನ್ನ ಕುರ್ಚಿಯ ಪಕ್ಕದಲ್ಲೇ, ಕೈಗೆ ಸಿಗುವ ಹಾಗೆ ಕೂತಿತ್ತು. ಅತ್ತೆ ಮುಖ ತೊಳೆಯಲು ಹೋಗಿ ನಿಧಾನವಾಗಿ ಬಂದರು. ಬ್ಯಾಗು ಅಲ್ಲೇ ಇತ್ತು. ಹೂವಿನ ಗಿಡಕ್ಕೆ ನೀರು ಹಾಕಿ ಬಂದರು. ಆಗಲೂ ಅಲ್ಲೇ ಇತ್ತು. ಪಾಪ ಮರೆತಿದ್ದಾರೆ ಅಂದುಕೊಂಡು ನಾನೇ ಅದನ್ನೆತ್ತಿ ಸ್ಕೂಟರಿಗೆ ನೇತುಹಾಕಿದೆ. “ಬನ್ನಿ ಅತ್ತೆ, ಬಸ್ಸಿಗೆ ಹೊತ್ತಾಯ್ತು!” ಅತ್ತೆ ನನ್ನನ್ನೊಮ್ಮೆ, ಬ್ಯಾಗನ್ನೊಮ್ಮೆ ನೋಡಿದರು. ಮದ್ದೂರಿನ ಬಸ್ಸು ಹತ್ತಿದ ಮೇಲೆ, “ಚೆಂದಾಗಿರಮ್ಮ” ಅಂದರು. ಎಂದಿನ ‘ಮಗ’ ಇರಲಿಲ್ಲ.

ಮನೆಗೆ ಬಂದರೆ ನಮ್ಮ ಯಜಮಾನರು ಬಾಗಿಲಲ್ಲೇ ನಿಂತಿದ್ದರು.

“ಅವ್ವ ಎಲ್ಲಿ? ಬ್ಯಾಗ್ ಬಚ್ಚಿಡ್ಲಿಲ್ವಾ?”

“ನಾನೇ ಎತ್ತಿಕೊಟ್ಟೆ.”

“ನೀನೇ ಎತ್‌ಕೊಟ್ಯಾ! ಮುಗೀತು ಬುಡು. ಇನ್ನು ಅವ್ವ ಈ ಮನೆ ಮೆಟ್ಲು ಅತ್ತಕಿಲ್ಲ.”

ಅದು ಬರೀ ಹೆದರಿಕೆಯ ಮಾತಲ್ಲ. ಅತ್ತೆಯ ತಂಗಿಯ ಮನೆಯಲ್ಲಿ ಯಾರೋ ಹೀಗೇ ಬ್ಯಾಗು ಕೈಗಿಟ್ಟಾಗಿನಿಂದ ಅವರು ಆ ಕಡೆ ತಲೆ ಹಾಕಿಲ್ಲ, ಆ ಮನೆಯ ಮದುವೆಗೂ ಹೋಗಲಿಲ್ಲ. ಏನು ಮಾಡಲೂ ತೋಚದೆ ಲ್ಯಾಪ್‌ಟಾಪ್ ತೆರೆದೆ. ಅದು ‘ಮುಚ್ಚಿದೆ’ ಅಂದು ಮಲಗಿತು. “ಬಾಯಿ ಬಿಟ್ಕೊಂಡು ಕೂತಿದೀಯ, ಮುಚ್ಚಿದೆ ಅಂತೀಯಲ್ಲೇ!” ಎಂದು ಅದರ ಮೇಲೆ ರೇಗಿದೆ. ರೇಗಿದ ಮಾತು ನನ್ನ ಕಿವಿಗೇ ಬಿತ್ತು. ತಕ್ಷಣ ಸ್ಕೂಟರಿನ ಕೀಲಿ ಎತ್ತಿಕೊಂಡೆ.

ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಮಡಿಲಲ್ಲಿ ಬ್ಯಾಗಿಟ್ಟುಕೊಂಡು ಕೂತಿದ್ದರು. ಅವರ ಎದುರೇ ವೈದ್ಯನಾಥಪುರದ ಆಟೋ ಕೂಗಿ ಕೂಗಿ ಹೊರಟುಹೋಯಿತು.

“ಹತ್ತಲಿಲ್ವಾ ಅತ್ತೆ?”

“ಸೀಟಿರ್ನಿಲ್ಲ ಕಣಮ್ಮ.”

ಮದ್ದೂರಿನ ಆಟೋದಲ್ಲಿ ಸೀಟಿಲ್ಲ ಎಂಬ ಮಾತನ್ನು ಭೂಮಿ ಮೇಲೆ ಯಾರೂ ಕೇಳಿಲ್ಲ. ಡ್ರೈವರಿನ ಎರಡೂ ಪಕ್ಕ ಜನ ಕೂತ ಮೇಲೂ ಅಲ್ಲೊಂದು ಸೀಟು ಇದ್ದೇ ಇರುತ್ತದೆ. ನಾನು ಬ್ಯಾಗಿಗೆ ಕೈ ಹಾಕಿದೆ. “ಬುಡು, ಬುಡು, ನಾನ್ ಓಯ್ತೀನಿ” ಅಂದರು. ಅನ್ನುತ್ತಲೇ ಅವರ ಹಿಡಿತ ಸಡಿಲವಾಯಿತು. “ವಡೆ ತಿಂತೀರಾ?” ಅಂದರೆ, “ನಂಗ್ ಬ್ಯಾಡ.” ನಂಬಲಿಲ್ಲ, ತಂದುಕೊಟ್ಟೆ. ಅತ್ತೆ ತಮ್ಮದನ್ನು ಮುಗಿಸಿ ನನ್ನದರಲ್ಲೂ ಅರ್ಧ ಮುರಿದುಕೊಂಡರು. “ನೀನು ಬತ್ತೀಯ ಅಂತ ಗೊತ್ತಿತ್ತು ಕಣ್ ಮಗ” ಅಂದರು. ನನಗೆ ಅಳು ನುಗ್ಗಿ ಬಂತು. ವಡೆ ಖಾರ ಎಂದು ಕಣ್ಣೊರೆಸಿಕೊಂಡೆ.

ಅತ್ತೆಯನ್ನು ಕರೆದುಕೊಂಡು ಮನೆಗೆ ಬಂದವಳೇ ತೇಪೆ ಬರೆಯಲು ಕೂತೆ: ಈ ಮಾಡೆಲ್ ಮುಚ್ಚಿದೆ ಅಂದರೆ ತೆರೆದಿದೆ ಅಂತಲೇ ತಿಳಿ. ಲ್ಯಾಪ್‌ಟಾಪ್ ಕಣ್ಣು ಬಿಟ್ಟುಕೊಂಡು ಕೂತಿತು. ನಡುವೆ ಅತ್ತೆ ಊಟಕ್ಕೆ ಕರೆದರು. “ಐದೇ ನಿಮಿಷ ಅತ್ತೆ” ಅಂದೆ. ಎಲ್ಲ ಮುಗಿಸಿ, ಲ್ಯಾಪ್‌ಟಾಪ್, ಅತ್ತೆ ಇಬ್ಬರನ್ನೂ ಒಂದೇ ದಿನ ಅರ್ಥ ಮಾಡಿಕೊಂಡ ಜಂಬದಲ್ಲಿ ಅಡುಗೆಮನೆಗೆ ಹೋದೆ. ತಟ್ಟೆಯಲ್ಲಿ ಮುದ್ದೆ ಹೊಗೆಯಾಡುತ್ತಿತ್ತು. ನೀವಿದ್ದಾಗ ನಾನು ಎಷ್ಟು ಹೊತ್ತಿಗೆ ಬಂದರೂ ಮುದ್ದೆ ಬಿಸಿಯಾಗೇ ಇರುತ್ತಲ್ಲ, ಅದೇನು ಅತ್ತೆ ಮಾಯೆ ಎಂದು ಕೇಳಿದೆ.

ಅತ್ತೆ ಸೊಪ್ಪಿನ ಸಾರು ಬಡಿಸುತ್ತಾ ಅಂದರು: “ಮಾಯೆ ಎಂತದು? ನೀನು ಐದ್ ನಿಮ್ಸ ಅಂದ್ ಮ್ಯಾಲೇ ನಾನು ಮುದ್ದೆಗೆ ಎಸರು ಮಡಗದು. ನೀನು ಮದ್ವೆಯಾಗಿ ಬಂದಾಗಿಂದ್ಲೂ ಅಂಗೇಯ.”