ಹತ್ತರ ಕಟ್ಟಿನಲ್ಲಿ ಎಂಟು ಬತ್ತಿ

ದೇವರು ಕೊಟ್ಟದ್ದರಲ್ಲಿ ಕೊರತೆ ಹುಡುಕುವವಳಲ್ಲ ನಾನು. ನಳಕ್ಕೆ ನೀರು ಬಂದರೆ ಒಂದು ನಮಸ್ಕಾರ, ರೊಟ್ಟಿ ಹರಿಯದೆ ಉಬ್ಬಿದರೆ ಇನ್ನೊಂದು. ಆದರೆ ನಮ್ಮ ರಬಕವಿಯ ಸಾಲಿಗೆ ಕಲಿಸಲು ಹೊಸ ಬಾಯಾರು ಬಂದು, ಎರಡನೇ ಇಯತ್ತೆಯ ನನ್ನ ಮಗಳು ಗೌರಿಗೆ ಆಟ ಆಡಿಸುತ್ತಲೇ ಪಾಠ ಹೇಳತೊಡಗಿದ ಮೇಲೆ ಮನೆಯ ಒಂದು ಸಾಮಾನೂ ಇದ್ದಲ್ಲಿ ಇಲ್ಲ. ಹುಣಸೆಬೀಜ ಲೆಕ್ಕಕ್ಕೆ ಹೋದವು, ಲಟ್ಟಣಿಗೆ ಉದ್ದ ಅಳೆಯಲು ಹೋಯಿತು, ಯಜಮಾನರು ಮಗ್ಗದಿಂದ ತಂದಿಟ್ಟ ನೂಲು ಯಾತಕ್ಕೆ ಹೋಯಿತೋ ಶಿವನೇ ಬಲ್ಲ. ಆಟಕ್ಕೆ ಸಾಲಿ ಯಾಕೆ ಬೇಕು, ಓಣಿ ಸಾಲದೆ?

ಹೋಗಲಿ ಎಂದು ಸಹಿಸಿದೆ. ಶ್ರಾವಣದ ಕಡೆಯ ಸೋಮವಾರ ಮಾತ್ರ ತಲೆ ಕೆಟ್ಟಿತು. ಗೌರಿಯ ಜ್ವರ ಇಳಿದರೆ ಸಾವಿರ ಬತ್ತಿ ಹಚ್ಚುತ್ತೇನೆಂದು ಈಶ್ವರನಿಗೆ ಹರಕೆ ಹೊತ್ತಿದ್ದೆ. ಬತ್ತಿ ಹೊಸೆದು, ಹತ್ತು ಹತ್ತರ ಕಟ್ಟು ಕಟ್ಟಿ ಡಬ್ಬಿಯಲ್ಲಿಟ್ಟಿದ್ದೆ. ಸಂಜೆ ಗುಡಿಗೆ ಒಯ್ಯಬೇಕು, ಡಬ್ಬಿಯೇ ಇಲ್ಲ!

ಬೈಗುಳ ಜೋಡಿಸಿಕೊಳ್ಳುತ್ತಲೇ ಸಾಲಿಗೆ ನಡೆದೆ. ಜಮಖಾನದ ಮೇಲೆ ಮಕ್ಕಳು ನನ್ನ ಕಟ್ಟು ಬಿಚ್ಚಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು.

"ಬಾಯಾರ, ಇದೇನ ಸಾಲಿನೋ ಸಂತಿನೋ? ದೇವರ ಬತ್ತಿ ಅದಾವ್ರಿ ಅವು!"

"ಅಯ್ಯ, ನೀವ ಕಳಸೀರಿ ಅಂದಳಲ್ರಿ ಗೌರಿ!" ಬಾಯಾರು ಗಾಬರಿಯಾದರು. "ಹತ್ತು ಕಟ್ಟು ಕೂಡಿದ್ರ ನೂರು ಅಂತ ಆಡಾಕತ್ತಿದ್ವಿ. ಕೈಲೆ ಕಟ್ಟಿದ್ದು ಮರೆಯಂಗಿಲ್ರಿ."

"ಕಲ್ತದ್ದು ಸಾಕು. ಏಳ ಬೇ ಗೌರಿ, ತಾ ಇಲ್ಲಿ!"

ಅವಳು ಅಲುಗಲಿಲ್ಲ. "ತಡಿ ಬೇ ಅವ್ವ. ನಿನ್ನ ಹತ್ತರಾಗ ಎಂಟ ಅದಾವು. ಇದರಾಗ ಏಳು. ನಿನಗ ಎಣಸಾಕ ಬರಂಗಿಲ್ಲೇನು?"

ಹಿಂದಿನಿಂದ ಯಾವಳೋ, "ಗೌರಿ ಅವ್ವನ್ನೂ ನಮ್ಮ ಕೂಡ ಕುಂದ್ರಸರಿ ಬಾಯಾರ" ಎಂದಳು. ತರಗತಿ ಘೊಳ್ಳೆಂದಿತು.

ನನ್ನ ಸಿಟ್ಟು ಅಲ್ಲೇ ತಣ್ಣಗಾಯಿತು. ಬತ್ತಿ ಎಣಿಸುವಾಗೆಲ್ಲ ಗೋಡೆಯಾಚೆಯ ಶಾಂತಕ್ಕನ ಜೊತೆ ಅವಳ ಸೊಸೆಯ ಸುದ್ದಿ ನಡೆದಿತ್ತು. ಮಕ್ಕಳು ಸರಿಯಾಗಿ ಕಟ್ಟಿ ಮುಗಿಸಿದಾಗ ಸಾವಿರಕ್ಕೆ ಬಹಳ ಕಡಿಮೆ. ಮಗಳ ಜೀವದ ಹರಕೆಯಲ್ಲಿ ಈಶ್ವರನಿಗೇ ಮೋಸ ಮಾಡಿ ಬರುತ್ತಿದ್ದೆನಲ್ಲ! ಮನೆಗೆ ಓಡಿ ಅರಳೆ ತಂದೆ. ಮಧ್ಯಾಹ್ನವೆಲ್ಲ ಆ ಮಕ್ಕಳ ನಡುವೆ ಕೂತು ಬತ್ತಿ ಹೊಸೆದೆ; ಅವರು ಹಾಡುತ್ತ ಎಣಿಸಿದರು. ನಾನು ಬಾಯಿ ತೆರೆದರೆ "ಶ್!" ಎಂದು ಗದರಿದರು.

ಸಂಜೆ ಪೂಜಾರಿ, "ಸರೀ ಎಣಸೀರಲ್ರಿ?" ಎಂದ.

"ನಮ್ಮ ಗೌರಿ ಎಣಸ್ಯಾಳ್ರಿ," ಎಂದೆ, ಬೀಗುತ್ತಲೇ.

ಸಾವಿರವೂ ಉರಿದವು. ನೆಮ್ಮದಿಯಿಂದ ಪ್ರದಕ್ಷಿಣೆಗೆ ಹೊರಟೆ. ಶಾಂತಕ್ಕ ಬಂದು ಕೂಡಿಕೊಂಡಳು, ಸೊಸೆಯ ಸುದ್ದಿ ನಿಂತಲ್ಲಿಂದ ಎತ್ತಿದಳು. ಸುತ್ತು ಎಷ್ಟಾದವೋ ಎಂದು ತಿರುಗಿದರೆ, ಗುಡಿಯ ಮೆಟ್ಟಿಲ ಮೇಲೆ ಗೌರಿ ಕೂತಿದ್ದಾಳೆ. ನಾನು ದಾಟಿದಾಗೊಮ್ಮೆ ಒಂದೊಂದು ಹುಣಸೆಬೀಜ ಇಡುತ್ತಿದ್ದಾಳೆ. ಇಷ್ಟು ವರ್ಷ ಈಶ್ವರ ಲೆಕ್ಕ ಕೇಳದೆ ಕೂತಿದ್ದನಲ್ಲ, ಅದು ಅವನ ದೊಡ್ಡ ಉಪಕಾರವೆಂದು ಆಗ ತಿಳಿಯಿತು.